ಕೃತಕ ಮೂತ್ರಪಿಂಡದ ಸುದ್ದಿಯನ್ನು ಅಳೆಯುವುದು ಹೇಗೆ, ಅದು ಬರುವವರೆಗೆ ಮಾಡಬೇಕಾದದ್ದೇನು

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮನೆಗೆ ಆಗಾಗ ಒಂದು ಸುದ್ದಿ ಬರುತ್ತಲೇ ಇರುತ್ತದೆ. ಅಮೆರಿಕದಲ್ಲಿ ಮುಷ್ಟಿ ಗಾತ್ರದ ಕೃತಕ ಕಿಡ್ನಿ ಸಿದ್ಧವಾಗಿದೆ, ಇನ್ನು ಸೂಜಿ ಚುಚ್ಚಿಸಿಕೊಳ್ಳುವುದೂ ಬೇಡ, ದಾನಿಯನ್ನು ಹುಡುಕುವುದೂ ಬೇಡ ಎಂದು ನೆಂಟರೊಬ್ಬರು ವಾಟ್ಸಾಪ್‌ನಲ್ಲಿ ವಿಡಿಯೊ ಕಳುಹಿಸಿರುತ್ತಾರೆ. ಆ ಸುದ್ದಿ ಸಂಪೂರ್ಣ ಸುಳ್ಳೇನಲ್ಲ. ಅದರ ಹಿಂದೆ ನಿಜವಾದ ಪ್ರಯೋಗಾಲಯಗಳಿವೆ, ದಶಕಗಳಿಂದ ದುಡಿಯುತ್ತಿರುವ ವಿಜ್ಞಾನಿಗಳಿದ್ದಾರೆ. ಆದರೆ ಅದನ್ನು ನೆಚ್ಚಿಕೊಂಡು ಕಸಿಯ ಪಟ್ಟಿಗೆ ಹೆಸರು ಕೊಡುವುದನ್ನು ಮುಂದೂಡುವುದು, ಮೂತ್ರಪಿಂಡ ಕೊಡಲು ತಾನಾಗಿ ಮುಂದೆ ಬಂದ ತಂಗಿಗೆ ಇನ್ನೆರಡು ವರ್ಷ ಕಾಯೋಣ ಎನ್ನುವುದು, ಅಥವಾ ಹೇಗೂ ಹೊಸ ಸಾಧನ ಬರುತ್ತದೆಂದು ಡಯಾಲಿಸಿಸ್ ಸರದಿಯನ್ನು ತಪ್ಪಿಸುವುದು ಜೀವಕ್ಕೇ ಎರವಾಗಬಹುದು.

ಆದ್ದರಿಂದ ಮೊದಲ ಮಾತನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ದೇಹದೊಳಗೆ ಜೋಡಿಸುವ ಕೃತಕ ಮೂತ್ರಪಿಂಡವನ್ನು ದಿನನಿತ್ಯದ ಚಿಕಿತ್ಸೆಯಾಗಿ ಕೊಡುವ ಆಸ್ಪತ್ರೆ ಇಂದು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಈ ಬರಹವು ರೋಗಿಗೂ ಅವರ ಮನೆಯವರಿಗೂ ಎರಡು ಕೆಲಸಗಳಲ್ಲಿ ನೆರವಾಗಲೆಂದು ಬರೆದದ್ದು: ಇಂತಹ ಸುದ್ದಿ ಬಂದಾಗ ಅದನ್ನು ಶಾಂತವಾಗಿ ತೂಗಿ ನೋಡುವುದು, ಮತ್ತು ಆ ಸಾಧನ ಬರುವವರೆಗೆ ಇಂದೇ ಕೈಗೆ ಸಿಗುವ ದಾರಿಗಳನ್ನು ಕಳೆದುಕೊಳ್ಳದಿರುವುದು. ಇಲ್ಲಿ ಹೇಳಿರುವ ಯಾವುದೇ ಬದಲಾವಣೆಯನ್ನು ನಿಮ್ಮ ನೆಫ್ರಾಲಜಿ (ಮೂತ್ರಪಿಂಡ ರೋಗಗಳ) ವೈದ್ಯರನ್ನು ಕೇಳದೆ ಮಾಡಬಾರದು.

ಅಳತೆಗೋಲೊಂದನ್ನು ಹೊಂದಿಸಿಕೊಳ್ಳುವುದು

ಯಾವ ಸಾಧನದ ಸುದ್ದಿ ಬಂದರೂ ಅದು ವಾರಕ್ಕೆ ಎಷ್ಟು ಲೀಟರು ರಕ್ತವನ್ನು ಶುದ್ಧಗೊಳಿಸುತ್ತದೆ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಆರೋಗ್ಯವಂತರ ಎರಡು ಮೂತ್ರಪಿಂಡಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ, ಅಂದರೆ ವಾರಕ್ಕೆ 1,260 ಲೀಟರು. ಸೋಸಿದ್ದರಲ್ಲಿ ಶೇಕಡ 99ರಷ್ಟು ನೀರನ್ನೂ ಬೇಕಾದ ಲವಣಗಳನ್ನೂ ಅವು ಮರಳಿ ರಕ್ತಕ್ಕೆ ಸೇರಿಸಿ, ಉಳಿದ ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ.

ಈಗ ಡಯಾಲಿಸಿಸ್ ಯಂತ್ರದ ಲೆಕ್ಕ ನೋಡೋಣ. ಯಂತ್ರವು ನಿಮಿಷಕ್ಕೆ ಸುಮಾರು 200 ಮಿಲಿಲೀಟರು ರಕ್ತವನ್ನು ಯೂರಿಯಾ ಎಂಬ ಕಲ್ಮಶದಿಂದ ಮುಕ್ತಗೊಳಿಸುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಗಂಟೆಯಂತೆ ವಾರಕ್ಕೆ ಮೂರು ಸಲ ಮಾಡಿಸಿಕೊಂಡವರಿಗೆ 144 ಲೀಟರು, ಎರಡೇ ಸಲ ಮಾಡಿಸಿಕೊಂಡವರಿಗೆ 96 ಲೀಟರು ಸಿಗುತ್ತದೆ. ನಮ್ಮಲ್ಲಿ ಖರ್ಚಿನ ಕಾರಣಕ್ಕೋ ದೂರದ ಕಾರಣಕ್ಕೋ ವಾರಕ್ಕೆ ಎರಡೇ ಸಲ ಹೋಗುವವರು ಬಹಳ ಮಂದಿ ಇರುವುದರಿಂದ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಲೀಟರಿನ ಸಂಖ್ಯೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರು ದ್ರಾವಣ ಹಾಕಿ ತೆಗೆದರೆ, ದೇಹದಿಂದ ಹೊರಬಂದ ನೀರೂ ಸೇರಿ ವಾರಕ್ಕೆ 65ರಿಂದ 70 ಲೀಟರು ಮಾತ್ರ ಆಗುತ್ತದೆ. ಯಂತ್ರದ ಅರ್ಧದಷ್ಟೇ ಎಂದು ಕಾಣುವ ಈ ವಿಧಾನದಲ್ಲಿ ಜನರು ವರ್ಷಗಟ್ಟಲೆ ಚೆನ್ನಾಗಿ ಬದುಕುವುದು ಹೇಗೆಂದರೆ, ಅದು ಹಗಲೂ ರಾತ್ರಿಯೂ ನಿಲ್ಲದೆ ನಡೆಯುತ್ತದೆ. ಕಲ್ಮಶವೂ ನೀರೂ ಎರಡು ದಿನ ಒಟ್ಟುಗೂಡಿ ನಾಲ್ಕು ಗಂಟೆಯಲ್ಲಿ ಒಮ್ಮೆಲೇ ಇಳಿಯುವ ಏರುಪೇರು ಇರುವುದಿಲ್ಲ. ಕೃತಕ ಮೂತ್ರಪಿಂಡದ ಕನಸಿನ ತಿರುಳು ಇದೇ. ಸಣ್ಣದಾದರೂ ಸರಿ, ನಿಲ್ಲದೆ ಕೆಲಸ ಮಾಡುವ ಸಾಧನ ಬೇಕು.

ಕಸಿ ಮಾಡಿದ ಒಂದು ಮೂತ್ರಪಿಂಡ ನಿಮಿಷಕ್ಕೆ 50 ಮಿಲಿಲೀಟರು ಸೋಸಿದರೂ ವಾರಕ್ಕೆ ಸುಮಾರು 500 ಲೀಟರು ಆಗುತ್ತದೆ. ಅದೂ ನಿಲ್ಲದೆ, ಮತ್ತು ಸೋಸುವುದರ ಜೊತೆಗೆ ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್ ಹಾರ್ಮೋನನ್ನು ತಯಾರಿಸುತ್ತ, ವಿಟಮಿನ್ ಡಿಯನ್ನು ದೇಹ ಬಳಸಬಲ್ಲ ರೂಪಕ್ಕೆ ತರುತ್ತ, ರಕ್ತದೊತ್ತಡವನ್ನು ನಿಯಂತ್ರಿಸುತ್ತ. ಜೀವಕೋಶಗಳಿಲ್ಲದ, ಬರೀ ಸೋಸುವ ಸಾಧನ ನಾಳೆಯೇ ಬಂದರೂ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಮುಂದುವರಿಯಲೇಬೇಕಾಗುತ್ತದೆ. ಈ ಲೆಕ್ಕಗಳೆಲ್ಲ ಸ್ಥೂಲವಾದವು. ಆದರೆ ಸುದ್ದಿಯನ್ನು ಅಳೆಯಲು ಇಷ್ಟು ಸಾಕು.

ಯಾವ ಬಗೆಯ ಸಾಧನ ಎಂದು ಗುರುತಿಸುವುದು

ಕೃತಕ ಕಿಡ್ನಿ ಎಂಬ ಒಂದೇ ಹೆಸರಿನಲ್ಲಿ ಬೇರೆಬೇರೆ ಹಂತಗಳಲ್ಲಿರುವ ಬೇರೆಬೇರೆ ಸಾಧನಗಳ ಸುದ್ದಿ ಬರುತ್ತದೆ. ಡಯಾಲಿಸಿಸ್ ಕೇಂದ್ರದಲ್ಲಿ ನೀವು ದಿನವೂ ನೋಡುವ, ರಕ್ತವನ್ನು ಸೋಸುವ ಡಯಲೈಸರ್ ಕೊಳವೆಯನ್ನು ಕೂಡ ಹಳಬರು ಕೃತಕ ಕಿಡ್ನಿ ಎಂದೇ ಕರೆಯುತ್ತಾರೆ. ಆದ್ದರಿಂದ ಸುದ್ದಿ ಓದುವಾಗ ಮೊದಲು ಇದು ಮೈಮೇಲೆ ಧರಿಸುವುದೋ, ದೇಹದೊಳಗೆ ಜೋಡಿಸುವುದೋ, ಪ್ರಾಣಿಯ ಅಂಗವೋ ಎಂದು ಪ್ರತ್ಯೇಕಿಸಿಕೊಳ್ಳಬೇಕು.

ಧರಿಸುವ ಸಾಧನಗಳು ಮನುಷ್ಯರ ಮೇಲೆ ಪ್ರಯೋಗವಾಗಿವೆ. ಲಾಸ್ ಏಂಜಲೀಸ್‌ನ ವೈದ್ಯ ವಿಕ್ಟರ್ ಗುರಾ ಅವರು ರೂಪಿಸಿದ, ಸೊಂಟಪಟ್ಟಿಯಂತೆ ಕಟ್ಟಿಕೊಳ್ಳುವ ಸಾಧನವನ್ನು ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 2007ರಲ್ಲಿ ಪ್ರಕಟವಾಯಿತು. ಆಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆಯೊಂದಿಗೆ ಸಿಯಾಟಲ್‌ನಲ್ಲಿ 24 ಗಂಟೆಗಳ ಪ್ರಯೋಗ ನಡೆದು, ಅದರ ವರದಿ 2016ರಲ್ಲಿ ಹೊರಬಂದಿತು. ಅಲ್ಲಿ ಸಿಕ್ಕ ಸರಾಸರಿ ಶುದ್ಧೀಕರಣ ನಿಮಿಷಕ್ಕೆ 17 ಮಿಲಿಲೀಟರು. ಯಂತ್ರದ 200ರ ಮುಂದೆ ಅದು ಏನೂ ಅಲ್ಲವೆನಿಸಬಹುದು. ನಮ್ಮ ಅಳತೆಗೋಲಿನಿಂದ ನೋಡಿದರೆ, ವಾರವಿಡೀ ನಿಲ್ಲದೆ ನಡೆದರೆ ಅದು 171 ಲೀಟರು, ಅಂದರೆ ವಾರಕ್ಕೆ ಮೂರು ಸಲದ ಡಯಾಲಿಸಿಸ್‌ಗಿಂತ ಹೆಚ್ಚು! ಪ್ರಯೋಗದಲ್ಲಿ ಪಾಲ್ಗೊಂಡವರು ತಮಗೆ ಇದು ಹಿಡಿಸಿತೆಂದೂ ಹೇಳಿದರು.

ಆದರೂ ಏಳನೆಯ ರೋಗಿಯ ನಂತರ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅದರ ಕಾರಣವನ್ನು ತಿಳಿದುಕೊಂಡರೆ ಈ ಕ್ಷೇತ್ರದ ಕಷ್ಟವೇನೆಂದು ಅರ್ಥವಾಗುತ್ತದೆ. ಆಸ್ಪತ್ರೆಯ ಯಂತ್ರಕ್ಕೆ ಒಂದು ಸರದಿಗೆ ಸುಮಾರು 120 ಲೀಟರು ದ್ರಾವಣ ಬೇಕು. ಅಷ್ಟನ್ನು ಸೊಂಟಕ್ಕೆ ಕಟ್ಟಿಕೊಳ್ಳಲಾಗುವುದಿಲ್ಲ. ಹಾಗಾಗಿ ಧರಿಸುವ ಸಾಧನದಲ್ಲಿ ಸ್ವಲ್ಪವೇ ದ್ರಾವಣವನ್ನು ಮತ್ತೆಮತ್ತೆ ಶುದ್ಧಗೊಳಿಸಿ ಬಳಸುತ್ತಾರೆ. ದ್ರಾವಣದಲ್ಲಿರುವ ಅನೇಕ ಕಲ್ಮಶಗಳನ್ನು ಇದ್ದಿಲು ಹೀರಿಕೊಳ್ಳುತ್ತದೆ, ಆದರೆ ಯೂರಿಯಾವನ್ನು ಅದು ಸಾಕಷ್ಟು ಹಿಡಿಯುವುದಿಲ್ಲ. ಅದಕ್ಕಾಗಿ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು, ಹುಟ್ಟಿದ ಅಮೋನಿಯಂ ಅನ್ನು ಜಿರ್ಕೋನಿಯಂ ಫಾಸ್ಫೇಟ್‌ಗೆ ಹೀರಿಸುತ್ತಾರೆ. ಈ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ಸಿಯಾಟಲ್‌ನಲ್ಲಿ ಪ್ರಯೋಗ ನಿಂತದ್ದಕ್ಕೆ ಕೊಟ್ಟ ಕಾರಣಗಳಲ್ಲಿ ದ್ರಾವಣದ ಕೊಳವೆಗಳಲ್ಲಿ ಅತಿಯಾಗಿ ತುಂಬಿಕೊಂಡ ಈ ಗುಳ್ಳೆಗಳೂ, ರಕ್ತ ಮತ್ತು ದ್ರಾವಣದ ಹರಿವು ಒಂದೇ ಸಮನಾಗಿ ಉಳಿಯದಿದ್ದದ್ದೂ ಸೇರಿದ್ದವು. ಸಿಂಗಪುರದ ಆವಾಕ್ ಸಂಸ್ಥೆ ಇದೇ ತತ್ತ್ವವನ್ನು ಹೊಟ್ಟೆಯ ಪೊರೆಯ ಡಯಾಲಿಸಿಸ್‌ಗೆ ಅಳವಡಿಸಿದ ಸಾಧನವನ್ನು ಮನುಷ್ಯರ ಮೇಲೆ ಪರೀಕ್ಷಿಸಿದೆ, 2019ರಲ್ಲಿ ಅದಕ್ಕೆ ಎಫ್‌ಡಿಎಯ ಬ್ರೇಕ್‌ಥ್ರೂ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯಿಂದ ಪರಿಶೀಲನೆಗೆ ವೇಗ ಸಿಗುತ್ತದೆ. ಮಾರಾಟಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ.

ವಾಟ್ಸಾಪ್‌ನಲ್ಲಿ ಹೆಚ್ಚು ಓಡಾಡುವುದು ದೇಹದೊಳಗೆ ಜೋಡಿಸುವ ಸಾಧನದ ಸುದ್ದಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿರುವ, ಢಾಕಾದಲ್ಲಿ ಹುಟ್ಟಿದ ಶುವೊ ರಾಯ್ ಮತ್ತು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿಲಿಯಂ ಫಿಸೆಲ್ ಇಬ್ಬರೂ ಸೇರಿ ನಡೆಸುತ್ತಿರುವ ಕಿಡ್ನಿ ಪ್ರಾಜೆಕ್ಟ್ ಇದರ ಮೂಲ. ಕಂಪ್ಯೂಟರ್ ಚಿಪ್ ಮಾಡುವ ತಂತ್ರದಿಂದಲೇ ಸಿಲಿಕಾನ್ ತಗಡಿನಲ್ಲಿ ನ್ಯಾನೊಮೀಟರ್ ಅಗಲದ, ಒಂದೇ ಅಳತೆಯ ಸೀಳುಗಳನ್ನು ಕೊರೆದು ಶೋಧಕವನ್ನು ತಯಾರಿಸುವುದು ಅವರ ಯೋಚನೆ. ಹೃದಯದ ಒತ್ತಡವೇ ರಕ್ತವನ್ನು ಅದರ ಮೂಲಕ ತಳ್ಳುವುದರಿಂದ ಪಂಪಾಗಲಿ ಬ್ಯಾಟರಿಯಾಗಲಿ ಬೇಕಾಗುವುದಿಲ್ಲ.

ಇಲ್ಲಿ ಎದುರಾಗುವ ಪ್ರಶ್ನೆಯನ್ನು ಗಮನಿಸಿ. ನಿಮಿಷಕ್ಕೆ 30 ಮಿಲಿಲೀಟರು ಸೋಸುವ ಸಾಧನವೊಂದು ಬಂದಿತೆಂದು ಭಾವಿಸಿದರೆ ವಾರಕ್ಕೆ 300 ಲೀಟರು ಆಗುತ್ತದೆ, ಡಯಾಲಿಸಿಸ್‌ನ ಎರಡರಷ್ಟು. ಆದರೆ ದಿನಕ್ಕೆ 43 ಲೀಟರು ದ್ರವ ರಕ್ತದಿಂದ ಹೊರಬರುತ್ತದಲ್ಲ, ಅದರಲ್ಲಿ ಒಂದೆರಡು ಲೀಟರನ್ನು ಬಿಟ್ಟು ಮಿಕ್ಕದ್ದನ್ನು ರಕ್ತಕ್ಕೆ ಮರಳಿಸದಿದ್ದರೆ ಮನುಷ್ಯ ಕೆಲವೇ ಗಂಟೆಗಳಲ್ಲಿ ಬಳಲಿ ಹೋಗುತ್ತಾನೆ. ಹಾಗೆ ಮರಳಿಸುವ ಕೆಲಸಕ್ಕೆ ಮನುಷ್ಯರ ಮೂತ್ರಪಿಂಡದ ಜೀವಕೋಶಗಳನ್ನೇ ಸಾಧನದ ಇನ್ನೊಂದು ಭಾಗದಲ್ಲಿ ಬೆಳೆಸಬೇಕು. ಆ ಕೋಶಗಳು ಬದುಕಿರಬೇಕು, ರೋಗಿಯ ರೋಗನಿರೋಧಕ ಶಕ್ತಿ ಅವುಗಳ ಮೇಲೆ ದಾಳಿ ಮಾಡಬಾರದು, ಸಾಧನದೊಳಗೆ ರಕ್ತ ಹೆಪ್ಪುಗಟ್ಟಬಾರದು. 2023ರಲ್ಲಿ ಈ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಮಾನವ ಕೋಶಗಳಿದ್ದ ಅಂತಹ ಭಾಗವನ್ನು ಹಂದಿಗಳ ದೇಹದಲ್ಲಿ ಏಳು ದಿನಗಳವರೆಗೆ ಇರಿಸಲಾಗಿತ್ತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಲ್ಲದೆಯೇ ಶೇಕಡ 90ಕ್ಕಿಂತ ಹೆಚ್ಚು ಕೋಶಗಳು ಬದುಕಿ ಉಳಿದಿದ್ದವು. ಇದು ಬಹಳ ದೊಡ್ಡ ಹೆಜ್ಜೆ, ನನಗೆ ಅದರ ಬಗ್ಗೆ ಗೌರವವಿದೆ. ಆದರೂ ಅದು ಹಂದಿಗಳಲ್ಲಿ, ಸಾಧನದ ಒಂದು ಭಾಗದಲ್ಲಿ, ಏಳು ದಿನಗಳ ಕಾಲ ನಡೆದದ್ದು. ಇದೇ ಯೋಜನೆಯ ಸಾಧನವು ಕೆಲವೇ ವರ್ಷಗಳಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಸಿದ್ಧವಾಗಬಹುದೆಂಬ ಮಾತು 2010ರಲ್ಲಿಯೇ ಕೇಳಿಬಂದಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಹೊಸ ಸುದ್ದಿಯಲ್ಲಿರುವ ವರ್ಷಗಳ ಭರವಸೆಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ತಿಳಿಯುತ್ತದೆ.

ಹಂದಿಯ ಮೂತ್ರಪಿಂಡದ ಸುದ್ದಿ ಬೇರೆಯೇ ಬಗೆಯದು. 2024ರ ಮಾರ್ಚ್‌ನಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, 69 ಜೀನ್ ಬದಲಾವಣೆಗಳನ್ನು ಮಾಡಿದ ಹಂದಿಯ ಮೂತ್ರಪಿಂಡವನ್ನು ಜೀವಂತ ರೋಗಿಯೊಬ್ಬರಿಗೆ ಕಸಿ ಮಾಡಲಾಯಿತು. ಅವರು ಸುಮಾರು ಎರಡು ತಿಂಗಳ ನಂತರ ತೀರಿಕೊಂಡರು, ಕಸಿಯೇ ಅದಕ್ಕೆ ಕಾರಣವೆಂಬ ಸೂಚನೆ ಇಲ್ಲವೆಂದು ಆಸ್ಪತ್ರೆ ತಿಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಹಿಳೆಯೊಬ್ಬರಿಗೆ ಹಾಕಿದ ಹಂದಿಯ ಮೂತ್ರಪಿಂಡ 130 ದಿನ ಕೆಲಸ ಮಾಡಿ, ದೇಹ ಅದನ್ನು ತಿರಸ್ಕರಿಸಿದ್ದರಿಂದ ತೆಗೆಯಬೇಕಾಯಿತು. 2025ರಲ್ಲಿ ಹೆಚ್ಚು ರೋಗಿಗಳ ಮೇಲೆ ಕ್ರಮಬದ್ಧ ಪ್ರಯೋಗ ನಡೆಸಲು ಎಫ್‌ಡಿಎ ಅನುಮತಿ ಕೊಟ್ಟಿತು. ನನ್ನ ಅಂದಾಜಿನಲ್ಲಿ ಸಿಲಿಕಾನ್ ಸಾಧನಕ್ಕಿಂತ ಈ ದಾರಿ ರೋಗಿಗೆ ಹೆಚ್ಚು ಹತ್ತಿರದಲ್ಲಿದೆ, ಏಕೆಂದರೆ ಮೂತ್ರಪಿಂಡದ ಕೆಲಸಗಳನ್ನೆಲ್ಲ ಮಾಡಬಲ್ಲ ಅಂಗ ಈಗಾಗಲೇ ಅಲ್ಲಿದೆ. ದೇಹ ಅದನ್ನು ಒಪ್ಪುವಂತೆ ಮಾಡುವುದಷ್ಟೇ ಉಳಿದ ಕೆಲಸ, ಅದೂ ಸಣ್ಣ ಕೆಲಸವೇನಲ್ಲ.

ಸುದ್ದಿಗೆ ಹಾಕಬೇಕಾದ ಪ್ರಶ್ನೆಗಳು

ಬಗೆಯನ್ನು ಗುರುತಿಸಿದ ಮೇಲೆ ಕೇಳಬೇಕಾದವು ನಾಲ್ಕೈದೇ. ಪ್ರಯೋಗವಾದದ್ದು ಗಾಜಿನ ಪಾತ್ರೆಯಲ್ಲೋ, ಪ್ರಾಣಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ, ಎಷ್ಟು ದಿನ? ಆ ಅವಧಿಯಲ್ಲಿ ಅವರು ಡಯಾಲಿಸಿಸ್ ಯಂತ್ರವನ್ನು ಪೂರ್ತಿ ಬಿಟ್ಟಿದ್ದರೋ, ಅದರ ಜೊತೆಗೇ ಇದನ್ನು ಬಳಸಿದರೋ? ರಕ್ತ ಹೆಪ್ಪುಗಟ್ಟದಂತೆ ಏನು ಮಾಡಿದರು? ಕಡೆಯದಾಗಿ, ಸಿಕ್ಕಿರುವುದು ಪ್ರಯೋಗ ನಡೆಸುವ ಅನುಮತಿಯೋ, ಬಹುಮಾನವೋ, ಮಾರಾಟದ ಅನುಮತಿಯೋ? 2021ರಲ್ಲಿ ಕಿಡ್ನಿ ಪ್ರಾಜೆಕ್ಟ್‌ಗೆ ಬಹುಮಾನ ಬಂದಾಗ, ಸಾಧನವೇ ಬಂದಿತೆಂಬಂತೆ ಸುದ್ದಿ ಹರಡಿತ್ತು.

ಹೆಪ್ಪುಗಟ್ಟುವಿಕೆಯ ಪ್ರಶ್ನೆಗೆ ಒಂದು ಹಿನ್ನೆಲೆಯಿದೆ. ನೆದರ್ಲೆಂಡ್ಸ್ ಜರ್ಮನಿಯ ವಶದಲ್ಲಿದ್ದ ಕಾಲದಲ್ಲಿ, 1943ರಲ್ಲಿ, ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಂ ಕೊಲ್ಫ್ ಎಂಬ ವೈದ್ಯರು ಸಾಸೇಜ್ ತಯಾರಿಕೆಯ ಸೆಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಡಯಾಲಿಸಿಸ್ ಯಂತ್ರವನ್ನು ಕಟ್ಟಿದರು. ಮೊದಮೊದಲ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿದರು. ಅಂದರೆ ಶೋಧಕ ಆಗಲೇ ಸಿದ್ಧವಾಗಿತ್ತು. ಆದರೂ ಮೂತ್ರಪಿಂಡಗಳು ಶಾಶ್ವತವಾಗಿ ಕೆಟ್ಟವರನ್ನು ವರ್ಷಗಟ್ಟಲೆ ಉಳಿಸಲು 1960ರವರೆಗೆ ಕಾಯಬೇಕಾಯಿತು, ಏಕೆಂದರೆ ಪ್ರತಿ ಸಲವೂ ಹೊಸ ರಕ್ತನಾಳವನ್ನು ಕತ್ತರಿಸಬೇಕಾಗುತ್ತಿತ್ತು. ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲಿ ಉಳಿಸುವ ದಾರಿ ಕಂಡುಹಿಡಿದ ಮೇಲೆ ಅವರ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದರು. 1966ರಲ್ಲಿ ಫಿಸ್ಟುಲಾ, ಅಂದರೆ ಕೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಸೇರಿಸಿದ ಜೋಡಣೆ, ಬಂದಿತು, ಇಂದಿಗೂ ನಿಮ್ಮ ಕೈಯಲ್ಲಿರುವುದು ಅದೇ. ಶೋಧಕವನ್ನು ತಯಾರಿಸುವುದಕ್ಕಿಂತ, ರಕ್ತವನ್ನು ಹೆಪ್ಪುಗಟ್ಟದಂತೆ ವರ್ಷಗಟ್ಟಲೆ ಅದರೊಳಗೆ ಹರಿಸುವುದು ಆಗಲೂ ಕಷ್ಟವಾಗಿತ್ತು, ಈಗಲೂ ಕಷ್ಟವೇ. ಸುದ್ದಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಸಾಧನ ಇನ್ನೂ ದೂರವಿದೆ ಎಂದೇ ತಿಳಿಯಬೇಕು.

ಪ್ರಯೋಗಕ್ಕೆ ಸೇರಿಸುತ್ತೇವೆ ಎಂದು ಯಾರಾದರೂ ಹೇಳಿದರೆ

ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಚಿಕಿತ್ಸಾ ಪ್ರಯೋಗಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು; ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಹೊಸ ವೈದ್ಯಕೀಯ ಸಾಧನಗಳ ಪ್ರಯೋಗಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ನಿಮ್ಮ ವೈದ್ಯರಿಗೆ ತೋರಿಸಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲಿ ಬೇಕೆಂದು ಕೇಳುವ ಹಕ್ಕು ನಿಮಗಿದೆ. ಅದನ್ನು ಮನೆಗೆ ತಂದು ಓದಿ, ಆಮೇಲೆ ಸಹಿ ಹಾಕಿದರೆ ಸಾಕು. ಸಹಿ ಹಾಕಿದ ಮೇಲೂ ಕಾರಣ ಹೇಳದೆ ಹಿಂದೆ ಸರಿಯಬಹುದು. ಪ್ರಯೋಗದ ಸಾಧನಕ್ಕೆಂದು ಹಣ ಕೇಳಿದರೆ, ಅದರಲ್ಲೂ ಮುಂಗಡ ಕಟ್ಟಿ ಹೆಸರು ಕಾಯ್ದಿರಿಸಿ ಎಂದರೆ, ಆ ಮಾತುಕತೆಯನ್ನು ಅಲ್ಲಿಗೇ ಮುಗಿಸಿಬಿಡಿ. ಡಯಾಲಿಸಿಸ್ ಬಿಡಿಸಿ ಕಿಡ್ನಿಯನ್ನು ಮೊದಲಿನಂತೆ ಮಾಡುತ್ತೇವೆ ಎನ್ನುವ ಔಷಧಿಯವರ ವಿಷಯದಲ್ಲೂ ಹೀಗೆಯೇ ನಡೆದುಕೊಳ್ಳಿ.

ಇಂದು ತೆರೆದಿರುವ ದಾರಿಗಳು

ಮೇಲಿನ ಲೆಕ್ಕದಲ್ಲಿ ಕಂಡಂತೆ ಡಯಾಲಿಸಿಸ್‌ಗೆ ಇಂದು ಇರುವ ನಿಜವಾದ ಬದಲಿ ಕಸಿಯೇ. ಯಾರೂ ಹೇಳದಿದ್ದರೂ ಮುಂದಿನ ಭೇಟಿಯಲ್ಲಿ ವೈದ್ಯರನ್ನು ನೀವಾಗಿಯೇ ಕೇಳಿ: ನನಗೆ ಕಸಿ ಆಗಬಹುದೇ, ಆಗದಿದ್ದರೆ ಯಾವ ಕಾರಣಕ್ಕೆ, ಆ ಕಾರಣವನ್ನು ಸರಿಪಡಿಸಬಹುದೇ? ಡಯಾಲಿಸಿಸ್ ಇನ್ನೂ ಆರಂಭವಾಗದವರು ಕೂಡ ಈ ಪ್ರಶ್ನೆ ಕೇಳಬೇಕು, ಏಕೆಂದರೆ ದಾನಿ ಸಿದ್ಧರಿದ್ದರೆ ಡಯಾಲಿಸಿಸ್‌ಗೆ ಹೋಗದೆಯೇ ನೇರವಾಗಿ ಕಸಿ ಮಾಡಿಸಿಕೊಳ್ಳಲು ಸಾಧ್ಯವಿದೆ.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮತ್ತು ಅದರ 2011ರ ತಿದ್ದುಪಡಿಯ ಪ್ರಕಾರ ಪತಿ ಅಥವಾ ಪತ್ನಿ, ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಕರೆಂದು ಎಣಿಕೆಯಾಗುತ್ತಾರೆ. ಇವರ ಹೊರಗಿನವರು ಕೊಡುವುದಾದರೆ ಅಧಿಕಾರ ಪಡೆದ ಸಮಿತಿಯ ಒಪ್ಪಿಗೆ ಬೇಕು. ಹಣ ಕೊಟ್ಟು ಪಡೆಯುವುದು ಅಪರಾಧ. ಮನೆಯಲ್ಲಿ ಕೊಡುವ ಮನಸ್ಸುಳ್ಳವರಿದ್ದು ರಕ್ತದ ಗುಂಪು ಹೊಂದದಿದ್ದರೆ ಅಲ್ಲಿಗೇ ಕೈಬಿಡಬೇಡಿ. ಇದೇ ತೊಡಕಿರುವ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಗುಂಪು ಹೊಂದದಿದ್ದರೂ ವಿಶೇಷ ಸಿದ್ಧತೆಯೊಂದಿಗೆ ಕಸಿ ಮಾಡುವ ಆಸ್ಪತ್ರೆಗಳೂ ಇವೆ.

ಮನೆಯಲ್ಲಿ ದಾನಿಯಿಲ್ಲದಿದ್ದರೆ ಮೃತ ದಾನಿಯ ಪಟ್ಟಿಗೆ ಹೆಸರು ಸೇರಿಸಬೇಕು. ಕರ್ನಾಟಕದಲ್ಲಿ ಈ ಪಟ್ಟಿಯನ್ನು ಜೀವಸಾರ್ಥಕತೆ ಸಂಸ್ಥೆ ನಿರ್ವಹಿಸುತ್ತದೆ. ಕಸಿ ಮಾಡಲು ಪರವಾನಗಿಯಿರುವ ಆಸ್ಪತ್ರೆಯೊಂದರ ಮೂಲಕವೇ ನೋಂದಣಿ ನಡೆಯುವುದರಿಂದ, ಅಂತಹ ಆಸ್ಪತ್ರೆಯ ಕಸಿ ಸಂಯೋಜಕರನ್ನು ಮೊದಲು ಕಾಣಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲಿಯೂ ಈ ಬಗ್ಗೆ ವಿಚಾರಿಸಬಹುದು. ಸರದಿ ಬರಲು ವರ್ಷಗಳು ಬೇಕಾಗಬಹುದು. ಹಾಗೆಂದೇ ಹೆಸರು ಕೊಡುವುದನ್ನು ಒಂದು ದಿನವೂ ತಡಮಾಡಬಾರದು. ಕೃತಕ ಮೂತ್ರಪಿಂಡ ಬರುವುದನ್ನು ಕಾಯುವವರು ಈ ಪಟ್ಟಿಯಲ್ಲಿ ನಿಂತುಕೊಂಡೇ ಕಾಯಬಹುದಲ್ಲ!

ಯಂತ್ರಕ್ಕೆ ಹೋಗಿಬರುವುದೇ ಹೊರೆಯಾಗಿರುವವರು ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆ ವಿಚಾರಿಸಬೇಕು. ತಾಲ್ಲೂಕಿನಾಚೆಯ ಹಳ್ಳಿಯಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಓಡಾಡುವ ಕೂಲಿಯವರಿಗೂ, ಶಾಲೆ ತಪ್ಪುವ ಮಕ್ಕಳಿಗೂ, ಹೃದಯ ದುರ್ಬಲವಾಗಿರುವ ಹಿರಿಯರಿಗೂ ಇದು ಬಹಳ ಸಲ ಹೆಚ್ಚು ಹೊಂದುತ್ತದೆ. ಸ್ವಚ್ಛವಾದ ಒಂದು ಮೂಲೆ, ಕೈತೊಳೆಯುವ ಕಟ್ಟುನಿಟ್ಟು, ಕಲಿಯುವ ಮನಸ್ಸು ಬೇಕು. ಹೊರಬಂದ ದ್ರಾವಣ ಕದಡಿದಂತೆ ಕಂಡರೆ ಸೋಂಕು ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ರೋಗಿಗಳಿಗೆ ಉಚಿತ ಹಿಮೋಡಯಾಲಿಸಿಸ್ ಸಿಗುತ್ತದೆ, 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂದಿದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಎರಡನೆಯದು ದೊರೆಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳುವವರಿಲ್ಲದ ಕಾರಣಕ್ಕೇ ಇದು ನಮ್ಮಲ್ಲಿ ಹಿಂದೆ ಬಿದ್ದಿದೆ ಎಂಬುದು ನನ್ನ ನಂಬಿಕೆ.

ದೇಹವನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು

ಕಸಿಯಾಗಲಿ, ಮುಂದೆ ಬರುವ ಸಾಧನವಾಗಲಿ, ಒಳ್ಳೆಯ ಹೃದಯ ಮತ್ತು ಒಳ್ಳೆಯ ರಕ್ತನಾಳಗಳಿರುವವರಿಗೇ ದಕ್ಕುತ್ತದೆ. ಹೃದಯವನ್ನು ಹೆಚ್ಚು ದಣಿಸುವುದು ಎರಡು ಸರದಿಗಳ ನಡುವೆ ಮೈಯಲ್ಲಿ ಸೇರುವ ನೀರು. ಎಷ್ಟು ತೂಕ ಏರಬಹುದೆಂದು ವೈದ್ಯರಿಂದ ಕಿಲೋ ಲೆಕ್ಕದಲ್ಲಿ ಕೇಳಿ ಬರೆದುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡುವುದು ಒಳ್ಳೆಯದು. ಬಾಯಾರಿಕೆಯನ್ನು ತಡೆಯುವುದಕ್ಕಿಂತ ಉಪ್ಪನ್ನು ತಡೆಯುವುದು ಸುಲಭ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಬಿಟ್ಟರೆ ಬಾಯಾರಿಕೆ ತಾನಾಗಿಯೇ ಇಳಿಯುತ್ತದೆ. ಆದರೆ ಸೋಡಿಯಂ ಕಡಿಮೆಯೆಂದು ಅಂಗಡಿಯಲ್ಲಿ ಮಾರುವ ಬದಲಿ ಉಪ್ಪನ್ನು ಬಳಸಲೇಬಾರದು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಏರಿದ ಪೊಟ್ಯಾಸಿಯಂ ಹೃದಯವನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಲ್ಲದು. ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ತರುವ ಎಳನೀರು ಮತ್ತು ಬಾಳೆಹಣ್ಣಿನಲ್ಲಿಯೂ ಪೊಟ್ಯಾಸಿಯಂ ಹೇರಳ. ಕರಾವಳಿ ಮಲೆನಾಡಿನವರು ಇನ್ನೊಂದನ್ನು ತಿಳಿದಿರಬೇಕು: ಧಾರೆಹುಳಿ ಅಥವಾ ಕಮರಾಕ್ಷಿ ಎನ್ನುವ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣಿನಲ್ಲಿ ಮಿದುಳಿಗೆ ವಿಷವಾಗುವ ಅಂಶವಿದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಬಿಕ್ಕಳಿಕೆಯಿಂದ ಆರಂಭವಾಗಿ ಫಿಟ್ಸ್, ಸಾವಿನವರೆಗೂ ಹೋಗಬಹುದು. ಉಪ್ಪಿನಕಾಯಿಯಲ್ಲಾಗಲಿ, ಸಾರಿನಲ್ಲಾಗಲಿ ಅದು ಬೇಡ.

ಫಿಸ್ಟುಲಾ ಇರುವ ಕೈಯಲ್ಲಿ ರಕ್ತದೊತ್ತಡ ನೋಡಿಸಬಾರದು, ರಕ್ತ ತೆಗೆಸಬಾರದು, ಆ ಕೈಯನ್ನು ತಲೆದಿಂಬಾಗಿಸಿ ಮಲಗಬಾರದು. ಬೆಳಿಗ್ಗೆ ಮತ್ತು ರಾತ್ರಿ ಅದರ ಮೇಲೆ ಬೆರಳಿಟ್ಟು ಝುಮ್ಮೆನ್ನುವ ಕಂಪನವನ್ನು ಪರೀಕ್ಷಿಸಿ. ಅದು ನಿಂತಿದ್ದರೆ ಗಂಟೆಗಳೊಳಗೆ ಆಸ್ಪತ್ರೆಗೆ ಹೋದರೆ ಮಾತ್ರ ಉಳಿಸಿಕೊಳ್ಳಬಹುದು.

ರಕ್ತ ಕಡಿಮೆಯಿದೆಯೆಂದು ರಕ್ತ ಹಾಕಿಸಿಕೊಳ್ಳುವ ಮೊದಲು, ಕಬ್ಬಿಣಾಂಶ ಮತ್ತು ಎರಿಥ್ರೊಪೊಯೆಟಿನ್ ಚುಚ್ಚುಮದ್ದಿನಿಂದ ಏರಿಸಬಹುದೇ ಎಂದು ಕೇಳಿ. ಬೇರೆಯವರ ರಕ್ತ ಸೇರಿದಾಗಲೆಲ್ಲ ದೇಹದಲ್ಲಿ ಪರರ ಅಂಗದ ಮೇಲೆ ದಾಳಿ ಮಾಡುವ ಪ್ರತಿಕಾಯಗಳು ಹುಟ್ಟುವ ಸಂಭವವಿರುತ್ತದೆ, ಅವು ಹೆಚ್ಚಿದಷ್ಟೂ ಹೊಂದುವ ಮೂತ್ರಪಿಂಡ ಸಿಗುವುದು ಕಷ್ಟವಾಗುತ್ತದೆ. ಜೀವಕ್ಕೆ ಅಪಾಯವಿದ್ದಾಗ ರಕ್ತ ಹಾಕಿಸಿಕೊಳ್ಳಲೇಬೇಕು, ಅದರಲ್ಲಿ ಹಿಂಜರಿಕೆ ಬೇಡ. ಹೆಪಟೈಟಿಸ್ ಬಿ ಲಸಿಕೆ ಡಯಾಲಿಸಿಸ್ ರೋಗಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುತ್ತದೆ. ಅದು ಪೂರ್ತಿಯಾಗಿದೆಯೇ ಎಂದು ನೋಡಿಕೊಳ್ಳಿ. ಇನ್ನೂ ಸ್ವಲ್ಪ ಮೂತ್ರ ಬರುತ್ತಿದ್ದರೆ ಅದೊಂದು ಸಂಪತ್ತು, ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಿ ಅದನ್ನು ಕಳೆದುಕೊಳ್ಳಬೇಡಿ.

ಕೊನೆಯದಾಗಿ ಒಂದು ಕಡತವನ್ನು ಸಿದ್ಧಮಾಡಿಡಬೇಕು. ಅದರಲ್ಲಿ ರಕ್ತದ ಗುಂಪು, ಕಸಿ ನೋಂದಣಿ ಸಂಖ್ಯೆ, ಅಂಗಾಂಶದ ಹೊಂದಾಣಿಕೆ ನೋಡುವ ಎಚ್‌ಎಲ್‌ಎ ಪರೀಕ್ಷೆಯ ವರದಿ, ಇತ್ತೀಚಿನ ಎಕೋ (ಹೃದಯದ ಸ್ಕ್ಯಾನ್) ಮತ್ತು ಇಸಿಜಿ, ಹೆಪಟೈಟಿಸ್ ಹಾಗೂ ಎಚ್‌ಐವಿ ವರದಿಗಳು, ಈವರೆಗೆ ಎಷ್ಟು ಸಲ ರಕ್ತ ಹಾಕಲಾಗಿದೆ ಎಂಬ ವಿವರ, ನಿತ್ಯದ ಔಷಧಗಳ ಪಟ್ಟಿ, ಕೊನೆಯ ಡಯಾಲಿಸಿಸ್‌ನ ದಿನಾಂಕ, ಆರೋಗ್ಯ ಕಾರ್ಡಿನ ಪ್ರತಿ ಇರಲಿ. ಫೋನ್ ಸಂಖ್ಯೆ ಬದಲಾದರೆ ಅದೇ ದಿನ ಕಸಿ ಸಂಯೋಜಕರಿಗೆ ತಿಳಿಸಿ, ಮನೆಯ ಇನ್ನಿಬ್ಬರ ಸಂಖ್ಯೆಗಳನ್ನೂ ಅವರಿಗೆ ಕೊಟ್ಟಿರಿ. ಮೃತ ದಾನಿಯ ಮೂತ್ರಪಿಂಡವನ್ನು ತೆಗೆದ ಮೇಲೆ ಹೊತ್ತು ಕಳೆದಷ್ಟೂ ಅದರ ಗುಣ ಕುಗ್ಗುವುದರಿಂದ ಕರೆ ನಡುರಾತ್ರಿಯಲ್ಲೂ ಬರಬಹುದು. ಕರೆ ಬಂದರೆ ಜ್ವರವೋ ಕೆಮ್ಮೋ ಗಾಯವೋ ಇದ್ದರೆ ಮುಚ್ಚಿಡದೆ ಹೇಳಿ, ಏನನ್ನಾದರೂ ತಿನ್ನಬಹುದೇ ಕುಡಿಯಬಹುದೇ ಎಂದು ಅವರನ್ನೇ ಕೇಳಿ, ಕಡತವನ್ನೂ ಔಷಧಗಳನ್ನೂ ತೆಗೆದುಕೊಂಡು ಕೂಡಲೇ ಹೊರಡಿ.